ನಿಂತ ಲಾರಿಗೆ ಓಡುವ ಎಂಜಿನ್ ಯಾಕೆ?

ಸಂಜೆ ಆರು ಗಂಟೆ ದಾಟಿತೆಂದರೆ ದಿಂಬಂ ಘಾಟಿಗೆ ಭಾರಿ ಲಾರಿಗಳನ್ನು ಬಿಡುವುದಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿ 10ರಿಂದ ಈ ನಿರ್ಬಂಧ ಜಾರಿಗೆ ಬಂತು. ಇತ್ತ ಗುಂಡ್ಲುಪೇಟೆಯಿಂದ ವಯನಾಡಿಗೂ ಊಟಿಗೂ ಹೋಗುವ ಬಂಡೀಪುರದ ರಸ್ತೆಗಳಲ್ಲಿ 2009ರಿಂದಲೇ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಕಾಡುಪ್ರಾಣಿಗಳ ಜೀವ ಉಳಿಸಲು ಬಂದ ಈ ನಿಯಮಗಳ ಸರಿ ತಪ್ಪಿನ ಬಗ್ಗೆ ತಾಳವಾಡಿಯಲ್ಲೂ ಸುಲ್ತಾನ್ ಬತ್ತೇರಿಯಲ್ಲೂ ಬೇಕಾದಷ್ಟು ಚರ್ಚೆ, ಧರಣಿ ಆಗಿವೆ. ಇಲ್ಲಿ ಹೇಳಹೊರಟಿರುವುದು ಬೇರೆ ವಿಷಯ. ಕಾಡಿನ ಅಂಚಿನಲ್ಲಿ ಬೆಳಗಾಗುವವರೆಗೆ ನಿಲ್ಲುವ ಲಾರಿಯೊಳಗೆ ಮಲಗುವ ಮನುಷ್ಯನ ವಿಷಯ.

ಗಡಿಭಾಗದ ನಮ್ಮ ಮನೆಗಳಿಗೆ ಲಾರಿ ಹೊಸದಲ್ಲ. ತಾಳವಾಡಿಯ ಕೋಸು, ವಯನಾಡಿನ ಶುಂಠಿ, ಊಟಿಯ ಕ್ಯಾರೆಟ್, ಸೊಲ್ಲಾಪುರದ ಚಾದರ, ಜತ್ತದ ದಾಳಿಂಬೆ, ಆದವಾನಿಯ ಹತ್ತಿ, ರಾಯದುರ್ಗದ ಜೀನ್ಸ್, ಹೊಸೂರಿನ ಕಾರ್ಖಾನೆಗಳ ಬಿಡಿಭಾಗ ಎಲ್ಲವೂ ಲಾರಿಯ ಬೆನ್ನ ಮೇಲೇ ಹೋಗಬೇಕು. ಫೈನಾನ್ಸಿನಲ್ಲಿ ತೆಗೆದ ಒಂದೇ ಲಾರಿಯನ್ನು ನಂಬಿದ ಸಂಸಾರಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥ ಮನೆಗಳಲ್ಲಿ ಈಗ ಒಂದು ಹೊಸ ಮಾತು ಶುರುವಾಗಿದೆ: ಲಾರಿಗೆ ಎಸಿ ಹಾಕಿಸಬೇಕಾ? ಹಾಕಿಸುವುದಾದರೆ ಯಾವುದು?

ಈ ಮಾತು ಏಳಲು ಕಾರಣವಿದೆ. 3.5 ಟನ್ನಿಗಿಂತ ಹೆಚ್ಚು ಒಟ್ಟು ತೂಕದ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿತು. 2025ರಲ್ಲಿ ಅದು ಜಾರಿಯಾಯಿತು. ಸುಡುವ ಎಂಜಿನ್ ಪಕ್ಕದಲ್ಲೇ ಕೂತು ದಿನಗಟ್ಟಲೆ ಸ್ಟಿಯರಿಂಗ್ ತಿರುಗಿಸುವ ಚಾಲಕನ ಕಷ್ಟ ಸರಕಾರಕ್ಕೆ ಕೊನೆಗೂ ಕಂಡಿತಲ್ಲ ಎಂದು ಸಂತೋಷಪಡಬೇಕಾದ್ದೇ. ಆದರೆ ಇದರಲ್ಲೊಂದು ಕೊಕ್ಕೆ ಇದೆ. ಕಂಪನಿಯಿಂದ ಹಾಕಿ ಬರುವ ಎಸಿಯ ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತದೆ. ಲಾರಿ ಓಡುವಾಗ ತಂಪು. ಎಂಜಿನ್ ಬಂದ್ ಮಾಡಿದರೆ ಎಸಿಯೂ ಬಂದ್. ಹಗಲೆಲ್ಲ ತಂಪಿನಲ್ಲಿ ಕೂತವನು ರಾತ್ರಿ ಬೆವರಿನಲ್ಲಿ ಮಲಗಬೇಕು, ಇಲ್ಲವೇ ರಾತ್ರಿಯಿಡೀ ಎಂಜಿನ್ ಚಾಲೂ ಇಡಬೇಕು.

ಹೀಗೆ ಎಂಜಿನ್ ಚಾಲೂ ಇಡುವ ಚಾಳಿ ನಮ್ಮ ರಸ್ತೆಗಳಿಗೆ ಬರುವ ಮುಂಚೆಯೇ ಎಚ್ಚೆತ್ತುಕೊಳ್ಳಬೇಕು ಎಂಬುದು ಈ ಲೇಖನದ ಉದ್ದೇಶ.

ಒಂದು ರಾತ್ರಿಯ ಲೆಕ್ಕ

ಅಮೆರಿಕದಲ್ಲಿ ದೊಡ್ಡ ಲಾರಿಗಳು ನಿಂತಲ್ಲೇ ಎಂಜಿನ್ ಓಡಿಸಿದರೆ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಕುಡಿಯುತ್ತವೆ ಎಂದು ಅಲ್ಲಿನ ಇಂಧನ ಇಲಾಖೆಯೇ ಹೇಳುತ್ತದೆ. ನಮ್ಮ ಎಂಜಿನ್‌ಗಳು ಅದಕ್ಕಿಂತ ಚಿಕ್ಕವು. ಎಸಿ ಸೇರಿಸಿ ಗಂಟೆಗೆ 2 ಲೀಟರ್ ಎಂದೇ ಹಿಡಿಯೋಣ. ಎಂಟು ಗಂಟೆ ನಿದ್ದೆಗೆ 16 ಲೀಟರ್. ಲೀಟರಿಗೆ 90 ರೂಪಾಯಿ ಅಂದರೂ ಒಂದು ರಾತ್ರಿಗೆ 1,440 ರೂಪಾಯಿ. ತಿಂಗಳಿಗೆ ಹನ್ನೆರಡು ರಾತ್ರಿ ಹೊರಗೆ ಮಲಗಿದರೆ 17,280 ರೂಪಾಯಿ. ಒಂದು ಕಿಲೋಮೀಟರ್ ಕೂಡ ಮುಂದೆ ಹೋಗದೆ ಇಷ್ಟು ದುಡ್ಡು ಹೊಗೆಯಾಯಿತು.

ಹೊಗೆಯ ಲೆಕ್ಕವೂ ಇದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. 16 ಲೀಟರಿಗೆ 43 ಕಿಲೋ. ಸಾಲಾಗಿ ನಿಂತ ನಲವತ್ತು ಲಾರಿಗಳು ಹೀಗೆ ಮಾಡಿದರೆ ಪಕ್ಕದ ಹಾಡಿ, ಹಳ್ಳಿ, ಗೂಡಂಗಡಿಗಳ ಗತಿ ಏನು? ಆನೆ ಜಿಂಕೆಗಳಿಗೆ ತೊಂದರೆ ಆಗಬಾರದೆಂದೇ ಲಾರಿ ನಿಲ್ಲಿಸಿದ್ದು. ಕಾಡಿನ ಬಾಗಿಲಲ್ಲೇ ರಾತ್ರಿಯೆಲ್ಲ ಸದ್ದು, ಹೊಗೆ ಬಿಟ್ಟರೆ ನಿಲ್ಲಿಸಿದ್ದಕ್ಕೆ ಅರ್ಥವೇನು ಬಂತು?

ಎಂಜಿನ್ನಿಗೂ ಇದು ಒಳ್ಳೆಯದಲ್ಲ. ನಿಂತು ಓಡುವ ಎಂಜಿನ್ ಪೂರಾ ಬಿಸಿ ಏರುವುದಿಲ್ಲ, ಡೀಸೆಲ್ ಪೂರಾ ಉರಿಯುವುದಿಲ್ಲ. ಮಸಿ ಕಟ್ಟುತ್ತದೆ, ಆಯಿಲ್ ಕೆಡುತ್ತದೆ. ಅದರಲ್ಲೂ 2020ರ ಏಪ್ರಿಲ್ ನಂತರ ಬಂದ ಬಿಎಸ್-6 ಲಾರಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಂಟೆಗಟ್ಟಲೆ ನಿಲ್ಲಿಸಿ ಓಡಿಸಿದರೆ ಅದು ಬೇಗ ತುಂಬಿ, ಮೀಟರಿನಲ್ಲಿ ದೀಪ ಹತ್ತಿ, ಲಾರಿ ಶೋರೂಮಿನ ದಾರಿ ಹಿಡಿಯಬೇಕಾಗುತ್ತದೆ.

ಯಾವ ದಾರಿಗೆ ಯಾವುದು?

ಎಂಜಿನ್ ಬಂದ್ ಮಾಡಿಯೂ ಕ್ಯಾಬಿನ್ ತಂಪು ಅಥವಾ ಬೆಚ್ಚಗೆ ಇಡಲು ಮುಖ್ಯವಾಗಿ ನಾಲ್ಕು ಬಗೆಯ ಸಾಧನಗಳಿವೆ: ನೀರಿನ ಕೂಲರ್, ಬ್ಯಾಟರಿ ಎಸಿ, ಡೀಸೆಲ್ ಹೀಟರ್, ಸಣ್ಣ ಡೀಸೆಲ್ ಜನರೇಟರ್. ಪಕ್ಕದ ಮನೆಯವರು ಹಾಕಿಸಿದ್ದಾರೆಂದು ನಾವೂ ಅದನ್ನೇ ಹಾಕಿಸುವುದು ಬೇಡ. ಲಾರಿ ಯಾವ ದಾರಿಯಲ್ಲಿ ಓಡುತ್ತದೆ ಎನ್ನುವುದರ ಮೇಲೆ ಆಯ್ಕೆ ನಿಂತಿದೆ.

ನೀರಿನ ಕೂಲರ್ ಎಲ್ಲಕ್ಕಿಂತ ಅಗ್ಗ. ಒಂದು ಸಣ್ಣ ಫ್ಯಾನು, ಒಂದು ಪಂಪು ಓಡಿದರೆ ಸಾಕು, ಬ್ಯಾಟರಿಗೆ ಭಾರವಿಲ್ಲ. ಆದರೆ ನೀರು ಆವಿಯಾಗಲು ಗಾಳಿ ಒಣಗಿರಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ, ರಾಯದುರ್ಗದ ಕಡೆಯ ಏಪ್ರಿಲ್ ಮೇ ತಿಂಗಳ ಒಣ ಬಿಸಿಲಿಗೆ ಇದು ಹೇಳಿಮಾಡಿಸಿದ್ದು. ಅದೇ ಕೂಲರನ್ನು ಕಾಸರಗೋಡಿಗೋ ಗೋವಾಕ್ಕೋ ಒಯ್ದರೆ "ಎಂಥ ಮಾರಾಯ್ರೆ, ಒದ್ದೆ ಬಟ್ಟೆ ಹೊದ್ದ ಹಾಗೆ ಆಗ್ತದೆ" ಅನ್ನುವುದೇ ಸೈ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುತ್ತದೆ. ಕೂಲರ್ ಅಲ್ಲಿ ಸೆಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಎರಡನೆಯದು ಬ್ಯಾಟರಿ ಎಸಿ. ಕ್ಯಾಬಿನ್ ಛಾವಣಿಯ ಮೇಲೋ ಹಿಂಬದಿಗೋ ಕೂರಿಸುತ್ತಾರೆ. ಕಂಪ್ರೆಸರಿಗೆ ಬೆಲ್ಟ್ ಇಲ್ಲ, ನೇರ ಬ್ಯಾಟರಿಯಿಂದ ಓಡುತ್ತದೆ. ಕರಾವಳಿಗೂ ಸೈ, ಬಯಲುಸೀಮೆಗೂ ಸೈ. ಮಾರಾಟಗಾರರು ಹೆಚ್ಚಾಗಿ ಹೇಳದೆ ಬಿಡುವ ಮಾತು ಬ್ಯಾಟರಿಯದು. ಈ ಎಸಿ ಸರಾಸರಿ 500 ವ್ಯಾಟ್ ಎಳೆದರೂ ಎಂಟು ಗಂಟೆಗೆ 4 ಯೂನಿಟ್ ಕರೆಂಟ್ ಬೇಕು. ಲಾರಿಯಲ್ಲಿರುವ ಎರಡು 150 ಆಂಪಿಯರ್-ಗಂಟೆ ಬ್ಯಾಟರಿಗಳನ್ನು 24 ವೋಲ್ಟಿಗೆ ಜೋಡಿಸಿದಾಗ ಅವುಗಳಲ್ಲಿರುವುದು ಒಟ್ಟು 3.6 ಯೂನಿಟ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಮುಗಿದಂತೆ. ಉಪಯೋಗಕ್ಕೆ ಸಿಗುವುದು 1.8 ಯೂನಿಟ್. ಮೂರೂವರೆ ಗಂಟೆಗೆ ತಂಪು ಖಲಾಸ್. ಬೆಳಿಗ್ಗೆ ಆರಕ್ಕೆ ಗೇಟು ತೆಗೆದಾಗ ಸೆಲ್ಫ್ ಹೊಡೆಯದೆ ಲಾರಿ ಅಲ್ಲೇ ನಿಂತರೆ ಹಿಂದಿನ ಲಾರಿಯವರ ಬಾಯಿಗೆ ಬೀಳಬೇಕು.

ಹಾಗಾಗಿ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಎಸಿಯ ಬ್ಯಾಟರಿ ಬೇರೆ ಇರಲೇಬೇಕು. 24 ವೋಲ್ಟಿನ 200 ಆಂಪಿಯರ್-ಗಂಟೆ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 5 ಯೂನಿಟ್ ಇರುತ್ತದೆ, ನಾಲ್ಕನ್ನು ನೆಮ್ಮದಿಯಾಗಿ ತೆಗೆಯಬಹುದು. ತೂಕ ಅರ್ಧ ಕ್ವಿಂಟಾಲಿನ ಆಸುಪಾಸು. ಸೀಸದ ಬ್ಯಾಟರಿಯಲ್ಲೇ ಅಷ್ಟು ಕರೆಂಟು ಬೇಕೆಂದರೆ ತೂಕ ಎರಡು ಕ್ವಿಂಟಾಲ್ ದಾಟುತ್ತದೆ. ಅಷ್ಟು ಲೋಡು ಕಡಿಮೆ ಹಾಕಬೇಕಾಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಹಳೆಯ ಬ್ಯಾಟರಿಗೆ ನೇರ ತಂತಿ ಎಳೆದು ಜೋಡಿಸಬಾರದು. ನಡುವೆ ಅದಕ್ಕೆಂದೇ ಇರುವ ಚಾರ್ಜರ್ ಇರಬೇಕು. ಆಲ್ಟರ್ನೇಟರಿನಲ್ಲಿ 50 ಆಂಪಿಯರ್ ಮಿಗುವಂತಿದ್ದರೆ ಮೂರು ಗಂಟೆ ಓಡಿಸುವಷ್ಟರಲ್ಲಿ ಬ್ಯಾಟರಿ ಮತ್ತೆ ತುಂಬುತ್ತದೆ. ಇದಕ್ಕೆ ತಗಲುವ ಹೆಚ್ಚುವರಿ ಡೀಸೆಲ್ 2 ಲೀಟರಿನ ಒಳಗೆ. 16 ಲೀಟರ್ ಎಲ್ಲಿ, 2 ಲೀಟರ್ ಎಲ್ಲಿ!

ಸೋಲಾರ್ ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಕ್ಯಾಬಿನ್ ಮೇಲೆ ಹಿಡಿಸುವುದು 200 ವ್ಯಾಟಿನ ಒಂದು ಹಲಗೆ. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ 1 ಯೂನಿಟ್ ಬಂದೀತು. ಬೇಕಾದ್ದರ ಕಾಲುಭಾಗ. ಸಹಾಯಕ್ಕೆ ಸರಿ, ಅದನ್ನೇ ನಂಬಿ ಕೂರಲಾಗದು.

ಮೂರನೆಯದು ಬಿಸಿಗೆ. ನಮ್ಮ ಸೀಮೆಯಲ್ಲಿ ಹೀಟರ್ ಯಾತಕ್ಕೆ ಎನ್ನಬಹುದು. ಡಿಸೆಂಬರಿನಲ್ಲಿ ನೀಲಗಿರಿಯ ರಾತ್ರಿ ಕಳೆದವರು ಹಾಗೆ ಕೇಳುವುದಿಲ್ಲ. ಹೊಸೂರಿನಿಂದ ದಿಲ್ಲಿ, ಪಂಜಾಬಿಗೆ ಲೋಡು ಒಯ್ಯುವವರೂ ಕೇಳುವುದಿಲ್ಲ. ಇದಕ್ಕೆ ಡೀಸೆಲ್ ಹೀಟರ್ ಇದೆ. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೆಕರ್ ಕಂಪನಿಗಳು ಇದರಲ್ಲಿ ಹೆಸರುವಾಸಿ. 2 ಕಿಲೋವ್ಯಾಟಿನ ಹೀಟರ್ ಗಂಟೆಗೆ ಕುಡಿಯುವುದು ಕಾಲು ಲೀಟರಿನ ಒಳಗೆ, ಎಳೆಯುವ ಕರೆಂಟು ಒಂದು ಸಣ್ಣ ಬಲ್ಬಿನಷ್ಟು. ರಾತ್ರಿಯಿಡೀ ಉರಿದರೂ 2 ಲೀಟರ್ ದಾಟುವುದಿಲ್ಲ. ಆದರೆ ವರ್ಷಕ್ಕೆ ನಾಲ್ಕು ಟ್ರಿಪ್ ಮಾತ್ರ ಚಳಿಯ ಕಡೆ ಹೋಗುವವರು ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಎರಡು ಒಳ್ಳೆಯ ರಗ್ಗು ಸಾಕು.

ನಾಲ್ಕನೆಯ ದಾರಿ ಲಾರಿಯ ಚಾಸಿಗೆ ಸಣ್ಣ ಡೀಸೆಲ್ ಜನರೇಟರ್ ಕೂರಿಸುವುದು. ಅಮೆರಿಕದ ದೂರದ ಲಾರಿಗಳಲ್ಲಿ ಇದು ರೂಢಿ. ಗಂಟೆಗೆ ಒಂದು ಲೀಟರಿನ ಒಳಗೆ ಡೀಸೆಲ್ ಸಾಕಾದರೂ ಅದೂ ಒಂದು ಎಂಜಿನ್ನೇ: ಅದಕ್ಕೂ ಆಯಿಲ್, ಫಿಲ್ಟರ್, ಸದ್ದು, ಹೊಗೆ. ಲಕ್ಷಗಟ್ಟಲೆ ಕೊಟ್ಟು ಇನ್ನೊಂದು ಎಂಜಿನ್ ಸಾಕುವ ಶಕ್ತಿ ಒಂದೇ ಲಾರಿಯ ಸಂಸಾರಕ್ಕಿಲ್ಲ. ನಮ್ಮವರಿಗೆ ಇದು ಬೇಡ ಎಂದೇ ನನ್ನ ಅಭಿಪ್ರಾಯ.

ಇಷ್ಟಕ್ಕೂ ಮುಂಚೆ ಮಾಡಬೇಕಾದ ಕಡಿಮೆ ಖರ್ಚಿನ ಕೆಲಸಗಳಿವೆ. ಮುಂದಿನ ಗಾಜಿಗೆ ಬಿಸಿಲು ತಡೆಯುವ ಬೆಳ್ಳಿ ಹಾಳೆ, ಮಲಗುವ ಜಾಗಕ್ಕೆ ದಪ್ಪ ಪರದೆ, ಕ್ಯಾಬಿನ್ ಛಾವಣಿಗೆ ಬಿಳಿ ಬಣ್ಣ ಮತ್ತು ಒಳಗಡೆ ಥರ್ಮೊಕೋಲಿನಂಥ ಹೊದಿಕೆ, ಬಾಗಿಲ ಸಂದಿಗೆ ಹೊಸ ರಬ್ಬರ್. ಇವನ್ನು ಮಾಡಿಸಿದರೆ ಚಿಕ್ಕ ಎಸಿಯೇ ಸಾಕಾಗುತ್ತದೆ. ತೂತು ಬಿದ್ದ ಕೊಡಕ್ಕೆ ದೊಡ್ಡ ನಲ್ಲಿ ಇಟ್ಟು ಪ್ರಯೋಜನವಿಲ್ಲ.

ಮಾರಾಟಗಾರರ ಲೆಕ್ಕ, ಮನೆಯ ಲೆಕ್ಕ

ಅಂಗಡಿಯವರು ಒಂದು ಲೆಕ್ಕ ತೋರಿಸುತ್ತಾರೆ. "ರಾತ್ರಿಗೆ 14 ಲೀಟರ್ ಉಳಿಯುತ್ತೆ ಸಾರ್, ಅಂದ್ರೆ 1,260 ರೂಪಾಯಿ. ಲಕ್ಷ ರೂಪಾಯಿ ಹಾಕಿದ್ರೂ ಎಂಬತ್ತು ರಾತ್ರೀಲಿ ವಾಪಸ್." ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಮೊದಲಿನಿಂದ ರಾತ್ರಿಯಿಡೀ ಎಂಜಿನ್ ಓಡಿಸುತ್ತಿದ್ದವರ ಲೆಕ್ಕ. ನಮ್ಮ ಲಾರಿಗಳಲ್ಲಿ ಬಹುಪಾಲು ಹಾಗೆ ಓಡಿಸಿದ್ದೇ ಇಲ್ಲ. ಡ್ರೈವರ್ ಕಿಟಕಿ ತೆಗೆದು, ಸೊಳ್ಳೆಬತ್ತಿ ಹಚ್ಚಿ, ಲಾರಿ ಅಡಿಯಲ್ಲೋ ಲೋಡಿನ ಮೇಲೋ ಮಲಗಿ ರಾತ್ರಿ ಕಳೆದಿದ್ದಾನೆ. ಅಲ್ಲಿ ಉಳಿಯುವ ಡೀಸೆಲ್ಲೇ ಇಲ್ಲ, ಹೊಸದಾಗಿ ಖರ್ಚೇ ಬರುತ್ತದೆ.

ಹಾಗಾದರೆ ಯಾಕೆ ಹಾಕಿಸಬೇಕು? ನಿದ್ದೆಗಾಗಿ ಹಾಕಿಸಬೇಕು. ಇದನ್ನು ಬಾಯಿಬಿಟ್ಟು ಹೇಳಲು ನಮಗೆ ಸಂಕೋಚ. ಸೊಲ್ಲಾಪುರದ ಕಡೆ ಲಾರಿ ಮಾಲೀಕರ ಬಾಯಲ್ಲಿ ಈ ಮಾತು ಸಾಮಾನ್ಯ: "ಏನ್ರೀ, ಎಸಿ ಹಾಕಿಸಿದ್ರ ಡ್ರೈವರ್ ಏಳೂದs ಇಲ್ರೀ, ಮಾಲು ಮುಟ್ಟಸೋರು ಯಾರು?" ನಗುವ ಮಾತಾದರೂ ತಿರುಗಿಸಿ ನೋಡಿ. ಸರಿಯಾಗಿ ನಿದ್ದೆ ಮಾಡದವನು ಬೆಳಗಿನ ಜಾವ ದಿಂಬಂನ 27 ತಿರುವುಗಳಲ್ಲಿ ಹದಿನಾರು ಟನ್ ಇಳಿಸಬೇಕು. ಅವನ ಕಣ್ಣು ಅರೆಕ್ಷಣ ಮುಚ್ಚಿದರೆ ಲಾರಿಯ ಜೊತೆ ಹೋಗುವುದು ಏನೇನು ಎಂದು ಲೆಕ್ಕ ಹಾಕುವ ಧೈರ್ಯ ಯಾವ ಮನೆಗೂ ಇಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದದ್ದು 1961ರಲ್ಲಿ. ದಿನಕ್ಕೆ ಎಂಟು ಗಂಟೆ ದುಡಿಮೆ ಎಂದು ಅದು ಬರೆದಿಟ್ಟಿತು. ಉಳಿದ ಹೊತ್ತಿನಲ್ಲಿ ಮನುಷ್ಯ ಮಲಗುವುದೆಲ್ಲಿ ಎಂದು ಲಾರಿ ಲೋಕದಲ್ಲಿ ಯಾರೂ ಸರಿಯಾಗಿ ಕೇಳಲಿಲ್ಲ.

ಆದ್ದರಿಂದ ಎಸಿಯ ಖರ್ಚನ್ನು ಡ್ರೈವರನ ಬಾಟಾದಲ್ಲಿ ಮುರಿಯುವುದು ಅನ್ಯಾಯ. ಟೈರಿಗೆ, ಬ್ರೇಕಿಗೆ ಮಾಲೀಕ ಖರ್ಚು ಮಾಡುವುದಿಲ್ಲವೇ? ಇದೂ ಬ್ರೇಕಿನ ಖರ್ಚೇ ಎಂದು ತಿಳಿಯಬೇಕು. ಮಾಲೀಕನೇ ಡ್ರೈವರ್ ಆಗಿರುವ ಕಡೆ ಮನೆಯ ಹೆಂಗಸರು ಈ ಮಾತು ಎತ್ತಬೇಕು. ಹಾಡು ಹಾಕುವ ಪೆಟ್ಟಿಗೆಗೆ, ಬಣ್ಣದ ಲೈಟಿಗೆ, ಕುಚ್ಚಿಗೆ ಸಾವಿರಗಟ್ಟಲೆ ಹಾಕುವವರಿಗೆ ನಿದ್ದೆಗೆ ಹಾಕಲು ಕೈ ಬಾರದಿದ್ದರೆ ಕೇಳುವ ಹಕ್ಕು ಮನೆಯವರಿಗಿದೆ.

ಕೊಳ್ಳುವ ಮುಂಚೆ

ನಿಮ್ಮ ಲಾರಿ 12 ವೋಲ್ಟಿನದೋ 24 ವೋಲ್ಟಿನದೋ ಮೊದಲು ನೋಡಿ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗದೆ, ಗಂಟೆಗೆ ಎಷ್ಟು ಕರೆಂಟು ಎಳೆಯುತ್ತದೆ ಎಂದು ಕೇಳಿ. ಬ್ಯಾಟರಿ ಇಳಿದಾಗ ತಾನೇ ನಿಲ್ಲುವ ವ್ಯವಸ್ಥೆ ಇದೆಯೇ ಕೇಳಿ. ತಂತಿ ದಪ್ಪದ್ದಿರಲಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ತೆಳು ತಂತಿ ಎಳೆದು ಉಳಿಸಿದ ಐನೂರು ರೂಪಾಯಿ ಲಾರಿಯನ್ನೇ ಸುಟ್ಟೀತು. ಮಂಗಳೂರಿನಲ್ಲಿ ಕೆಟ್ಟರೆ ಮಂಗಳೂರಿನಲ್ಲೇ, ಪುಣೆಯಲ್ಲಿ ಕೆಟ್ಟರೆ ಪುಣೆಯಲ್ಲೇ ರಿಪೇರಿ ಆಗುವಂಥದ್ದನ್ನು ತೆಗೆದುಕೊಳ್ಳಿ.

ಛಾವಣಿ ಕೊರೆಯುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ನೋಂದಣಿ ದಾಖಲೆಯಲ್ಲಿರುವ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಗಡಿ ದಾಟಿ ಓಡುವ ನಮ್ಮ ಲಾರಿಗಳನ್ನು ಎರಡು ಮೂರು ರಾಜ್ಯದವರು ತಪಾಸಣೆ ಮಾಡುತ್ತಾರೆ. ಬಿಲ್ಲು ಲಾರಿಯಲ್ಲೇ ಇರಲಿ. ವಿಮೆಯ ಪಾಲಿಸಿಯಲ್ಲೂ ಈ ಸಾಮಾನು ಸೇರಿಸಿ.

ಎಲ್ಲಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆ. ಚಳಿಗೆಂದು ಮುಚ್ಚಿದ ಕ್ಯಾಬಿನ್ನಿನಲ್ಲಿ ಇದ್ದಿಲ ಒಲೆ, ಗ್ಯಾಸ್ ಒಲೆ ಹಚ್ಚಿ ಮಲಗಲೇಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಡೀಸೆಲ್ ಹೀಟರ್ ಹಾಕಿಸುವವರೂ ಅದರ ಹೊಗೆ ಕೊಳವೆ ಕ್ಯಾಬಿನ್ ಹೊರಗೆ, ಕಿಟಕಿಯಿಂದ ದೂರ ಇದೆಯೇ ಎಂದು ಕಣ್ಣಾರೆ ನೋಡಬೇಕು. ಬಂಕಿನಲ್ಲಿ ಡೀಸೆಲ್ ಹಾಕಿಸುವಾಗ ಹೀಟರ್ ಬಂದ್ ಆಗಿರಬೇಕು. ಇಂಥ ಸೂಚನೆಗಳ ಪುಸ್ತಕ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರುತ್ತದೆ. ನಮ್ಮ ಮನೆಯ ಮಕ್ಕಳು ಓದಿಕೊಂಡಿದ್ದಾರೆ. ಅವರ ಕೈಯಲ್ಲಿ ಹತ್ತು ಸಾಲು ಕನ್ನಡದಲ್ಲಿ ಬರೆಸಿ ಕ್ಯಾಬಿನ್ನಿನಲ್ಲಿ ಅಂಟಿಸಿದರೆ ಅಪ್ಪನಿಗೂ ಕ್ಲೀನರಿಗೂ ಉಪಯೋಗ.

ಪ್ಲಗ್ ಪಾಯಿಂಟ್ ಕೇಳೋಣ

ಕೊನೆಯದಾಗಿ ಆಡಳಿತಕ್ಕೊಂದು ಮಾತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಮಾರಾಟ ತೆರಿಗೆಯ ಚೆಕ್‌ಪೋಸ್ಟ್‌ಗಳು ಎದ್ದವು, ಅಲ್ಲಿನ ಉದ್ದ ಸಾಲುಗಳೂ ಕರಗಿದವು. ಕಾಡಿನ ಗೇಟಿನ ಸಾಲು ಹಾಗೆ ಕರಗುವುದಿಲ್ಲ. ರಾತ್ರಿ ನಿಲ್ಲಿಸುವುದು ಸರಕಾರದ ನಿಯಮವಾದ ಮೇಲೆ ನಿಂತವರಿಗೆ ಜಾಗ ಒದಗಿಸುವುದೂ ಸರಕಾರದ ಕೆಲಸ. ಬಣ್ಣಾರಿ, ಗುಂಡ್ಲುಪೇಟೆಯಂಥ ಕಡೆ ಲಾರಿ ನಿಲ್ಲುವ ಜಾಗದಲ್ಲಿ ಮೀಟರ್ ಇರುವ ಪ್ಲಗ್ ಪಾಯಿಂಟ್ ಹಾಕಿಸಲಿ. ಚಾರ್ಜರಿನ ನಷ್ಟ ಸೇರಿಸಿ ರಾತ್ರಿಗೆ 5 ಯೂನಿಟ್, ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ 50 ರೂಪಾಯಿ. ಎಂಜಿನ್ ಓಡಿಸಿದರೆ 1,440. ಜೊತೆಗೆ ನಾಲ್ಕು ಶೌಚಾಲಯ, ಒಂದು ನಲ್ಲಿ. ಗ್ರಾಮ ಪಂಚಾಯಿತಿಗಳೇ ಇದನ್ನು ನಡೆಸಿ ನಾಲ್ಕು ಕಾಸು ಸಂಪಾದಿಸಬಹುದು. ರಾಜ್ಯ ಯಾವುದಾದರೂ ಆಗಲಿ, ಮಲಗುವವನ ಬೆವರು ಒಂದೇ.

ಲಾರಿ ಮಾಲೀಕರ ಸಂಘಗಳು ಟೋಲ್ ದರಕ್ಕೆ, ಡೀಸೆಲ್ ದರಕ್ಕೆ ಮುಷ್ಕರ ಹೂಡಿದ್ದನ್ನು ನೋಡಿದ್ದೇವೆ. ಮುಂದಿನ ಮನವಿಪತ್ರದಲ್ಲಿ ಈ ಪ್ಲಗ್ ಪಾಯಿಂಟನ್ನೂ ಒಂದು ಬೇಡಿಕೆಯಾಗಿ ಸೇರಿಸಲಿ. ಅಲ್ಲಿಯವರೆಗೆ, ಈ ಬೇಸಿಗೆ ಮುಂಚೆ, ನಿಮ್ಮ ಲಾರಿ ಎಲ್ಲೆಲ್ಲಿ ರಾತ್ರಿ ನಿಲ್ಲುತ್ತದೆ, ತಿಂಗಳಿಗೆ ಎಷ್ಟು ರಾತ್ರಿ, ಅಲ್ಲಿ ಸೆಕೆಯೋ ಒಣ ಬಿಸಿಯೋ ಚಳಿಯೋ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದನ್ನು ಹಿಡಿದುಕೊಂಡು ಅಂಗಡಿಗೆ ಹೋಗಿ. ಏನು ಬೇಕೆಂದು ಆಮೇಲೆ ಅಂಗಡಿಯವರು ಹೇಳಬೇಕಾಗಿಲ್ಲ.